ಮೂರು ಸುತ್ತು ಹಾರಿದ ಹಾಡು

ದಾವಣಗೆರೆಯಲ್ಲಿ ಎಂದೋ ಬಾಗಿಲು ಹಾಕಿದ ಮೈಕ್‌ಸೆಟ್ ಅಂಗಡಿಯೊಂದರ ಅಟ್ಟದಿಂದ ಎರಡು ಗೋಣಿಚೀಲ ರೆಕಾರ್ಡು ಗುಜರಿಗೆ ಹೋಗುವುದಿತ್ತು. ಹಿಂದಿನ ದಿನ ಸುದ್ದಿ ಸಿಕ್ಕಿ, ಕೆಜಿ ಲೆಕ್ಕದಲ್ಲೇ ಕೊಂಡೆ. ಮನೆಗೆ ಒಯ್ಯುವ ಧೈರ್ಯವಾಗಲಿಲ್ಲ. ಮಂಚದ ಕೆಳಗೆ ಇನ್ನು ಜಾಗವಿಲ್ಲವೆಂದು ಹೆಂಡತಿ ಹೋದ ಯುಗಾದಿಗೇ ತೀರ್ಪು ಕೊಟ್ಟಿದ್ದಳು. ಹಾಗಾಗಿ ಅಶೋಕ ಟಾಕೀಸ್ ರೈಲ್ವೆ ಗೇಟು ದಾಟಿ, ಹರಿಹರದ ಮೇಲೆ ಹಾದು, ಕಡರನಾಯಕನಹಳ್ಳಿಯ ಸೋದರಮಾವನ ಮನೆಗೆ ಗಾಡಿ ತಿರುಗಿಸಿದೆ. ಮಾವ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಓಡಿಸುವ ಟರ್ನರ್ ಆಗಿದ್ದವರು, ಈಗ ಭತ್ತ ಬೆಳೆಯುತ್ತಾರೆ. ನನ್ನ ಪ್ಲೇಯರಿನ ನಡುಗಂಬಿ ಕೂರುವ ಬುಶ್ ಸವೆದು, ತಿರುಗುವ ತಟ್ಟೆ ಅಲುಗಾಡಿ, ಹಾಡೆಲ್ಲ ಕುಡಿದವರಂತೆ ತೂರಾಡುತ್ತಿತ್ತು. ಮಾವ ಹರಿಹರದ ಪರಿಚಯದ ಲೇತ್ ಶಾಪಿನಲ್ಲಿ ಹಿತ್ತಾಳೆಯ ಹೊಸ ಬುಶ್ ಕಡೆದು ತಂದಿಟ್ಟಿದ್ದರು. ಅದನ್ನು ಕೂರಿಸಿ, ಪ್ಲೇಯರನ್ನು ದನದ ಕೊಟ್ಟಿಗೆಗೆ ಹೊತ್ತುಕೊಂಡು ಹೋದೆವು. ಮಾತು ಶುರುವಾದದ್ದು ಅಲ್ಲಿ.

ಮಾವ: ಮನೆ ತುಂಬ ಲೈಟ್ ಐತೆ. ಕೊಟ್ಟಿಗೆ ಯಾಕೋ ನಿನಗೆ? ಎಮ್ಮೆಗೆ ಹಾಡು ಕೇಳಿಸ್ತೀಯಾ?

ನಾನು: ಮನೇಲಿ ಎಲ್ಲ ಎಲ್‌ಇಡಿ ಹಾಕ್ಸಿದೀರಲ್ಲ ಮಾವ. ಹಳೇ ಚೋಕಿನ ಟ್ಯೂಬ್‌ಲೈಟ್ ಉಳಿದಿರೋದು ಇಲ್ಲೊಂದೇ. ನಮ್ಮ ಕರೆಂಟು 50 ಹರ್ಟ್ಸ್, ಅಂದ್ರೆ ಟ್ಯೂಬು ಸೆಕೆಂಡಿಗೆ 100 ಸಲ ಮಿಣುಕುತ್ತೆ. ಈ ಕಾರ್ಡು ನೋಡಿ, ಸುತ್ತ 180 ಗೆರೆ ಇದೆ. ತಟ್ಟೆ ಸರಿಯಾದ ಸ್ಪೀಡಲ್ಲಿ ತಿರುಗಿದ್ರೆ ಆ ಬೆಳಕಲ್ಲಿ ಗೆರೆಗಳು ನಿಂತ ಹಾಗೆ ಕಾಣ್ತವೆ. ಹೆಚ್ಚಾದ್ರೆ ಮುಂದಕ್ಕೆ ಜಾರ್ತವೆ, ಕಮ್ಮಿಯಾದ್ರೆ ಹಿಂದಕ್ಕೆ.

ಮಾವ: ತಡಿ. ನೂರನ್ನ ಅರವತ್ತರಿಂದ ಗುಣಿಸಿದ್ರೆ ಆರು ಸಾವಿರ. ನೂರೆಂಬತ್ತಕ್ಕೆ ಭಾಗಿಸು. ಮೂವತ್ಮೂರು, ಮೇಲೆ ಮೂರನೇ ಒಂದು. ಸರಿ ಬಂತು. ಇದನ್ನ ಮೊದಲೇ ಹೇಳಿದ್ರೆ ಎಮ್ಮೆ ಆಚೆ ಕಟ್ತಿದ್ದೆ.

(ಗೆರೆಗಳು ನಿಂತವು. ಎಷ್ಟೋ ದಿನದ ಮೇಲೆ. ಮಾವ ಅದನ್ನು ನೋಡಲೇ ಇಲ್ಲ. ತಾವು ಕಡೆದ ಬುಶ್ ಸರಿ ಇರುತ್ತದೆಂದು ಅವರಿಗೆ ಗೊತ್ತಿತ್ತು. ಅಷ್ಟರಲ್ಲಿ ಒಂದು ಎಲ್‌ಪಿ ತೆಗೆದು, ನನ್ನ ಮಸೂರ ಕಿತ್ತುಕೊಂಡು, ಬೆಳಕಿಗೆ ಹಿಡಿದಿದ್ದರು.)

ಮಾವ: ಒಂದು ಮಗ್ಗುಲು ಎಷ್ಟು ಹೊತ್ತು ಬರ್ತೈತೆ?

ನಾನು: ಇಪ್ಪತ್ತು ನಿಮಿಷ ಅಂದ್ಕೊಳ್ಳಿ.

ಮಾವ: ಹಂಗಾದ್ರೆ ಆರು ನೂರ ಅರವತ್ತೇಳು ಸುತ್ತು. ಸ್ಟೀಲ್ ಸ್ಕೇಲು ಕೊಡು. ಗೆರೆ ಶುರುವಾಗೋದು ಇಲ್ಲಿ, ಮುಗಿಯೋದು ಇಲ್ಲಿ. ಎಂಬತ್ತಾರು ಮಿಲಿಮೀಟರ್. ಸುತ್ತಿಗೆ ಸೊನ್ನೆ ಪಾಯಿಂಟ್ ಒಂದು ಮೂರು. ಇಂಚಿನ ಸಾವಿರದಲ್ಲಿ ಐದು ಪಾಲು, ಐದು ಥೌ ಪಿಚ್ಚು! ಗೆರೆ ಅಗಲ ಅದರ ಅರ್ಧ ಇರ್ಬೇಕು. ಯಾವ ಲೇತಲ್ಲಿ ಕಡೆದ್ರೋ ಇದನ್ನ?

ನಾನು: ಲೇತಲ್ಲೇ ಅಂತ ನಿಮಗೆ ಹೇಗೆ ಗೊತ್ತಾಯ್ತು?

ಮಾವ: ಅದೇನು ಕೇಳ್ತೀಯ. ಇದು ಫೇಸಿಂಗ್ ಕೆಲಸ. ಜಾಬು ತಿರುಗ್ತಾ ಇರ್ತೈತೆ, ಟೂಲು ಹೊರಗಿಂದ ಒಳಕ್ಕೆ ಫೀಡ್ ಆಗ್ತೈತೆ. ನಾವು ಮುಖ ನುಣುಪಾಗ್ಲಿ ಅಂತ ಫೀಡು ಕಮ್ಮಿ ಕೊಡ್ತೀವಿ, ಇವರು ಗೆರೆ ಗೆರೆ ಬೇಕು ಅಂತ ಬಿಟ್ಟಿದಾರೆ, ಅಷ್ಟೇ. ನಮ್ಮ ಶಾಪಿಗೆ ಹೊಸ ಹುಡುಗ್ರು ಬಂದಾಗ ಕೇಳೋ ಪ್ರಶ್ನೆ ಒಂದಿತ್ತು. ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಲ್ಲಿ ಎಷ್ಟು ಗೆರೆ?

ನಾನು: ಒಂದೇ.

ಮಾವ: ಡಿಪ್ಲೊಮಾ ಮಾಡಿದೋರೆಲ್ಲ ಸಾವಿರ, ಎರಡು ಸಾವಿರ ಅನ್ನೋರು.

ನಾನು: ಆ ಒಂದು ಗೆರೆ ಬಿಚ್ಚಿ ಎಳೆದ್ರೆ ಸುಮಾರು 430 ಮೀಟರ್ ಆಗುತ್ತೆ. ನಿಮ್ಮನೆಯಿಂದ ಬಸ್‌ಸ್ಟ್ಯಾಂಡ್ ದಾಟಿ ಹೋಗುತ್ತೆ. ನೀವು ಹೇಳಿದ್ದು ಸರಿ ಮಾವ, ಅದಕ್ಕೂ ಲೇತ್ ಅಂತಲೇ ಹೆಸರು. ಅಲ್ಯುಮಿನಿಯಂ ತಟ್ಟೆ ಮೇಲೆ ಮೆರುಗೆಣ್ಣೆ ತರಹದ್ದು ಬಳಿದಿರ್ತಾರೆ. ಕೊರೆಯೋ ಮೊನೆ ನೀಲಮಣಿಯದ್ದೋ ಮಾಣಿಕ್ಯದ್ದೋ. ಮೊನೆಗೆ ಸ್ವಲ್ಪ ಬಿಸಿ ಕೊಡ್ತಾರೆ, ಗೆರೆ ನುಣ್ಣಗೆ ಬರ್ಲಿ ಅಂತ. ಕೂದಲಿನಷ್ಟು ತೆಳು ಎಳೆ ಎದ್ದು ಬರುತ್ತೆ, ಅದನ್ನ ಪೈಪಲ್ಲಿ ಹೀರ್ಕೊಳ್ತಾ ಇರ್ತಾರೆ.

ಮಾವ: ಚಿಪ್ಸು. ನಿಲ್ಲಿಸಿದ್ರೆ ಟೂಲಿಗೆ ಸುತ್ತಿಕೊಂಡು ಜಾಬು ಕೆಡ್ತೈತೆ. ಎಲ್ಲ ಕಡೆ ಅದೇ ಪಾಡು. ಆದ್ರೆ ಹಾಡು ಎಲ್ಲಿಂದ ಬಂತು ಇದರೊಳಗೆ?

ನಾನು: ಆ ಮೊನೆಯನ್ನ ಹಾಡಿನ ಸದ್ದು ಅಲುಗಾಡಿಸುತ್ತೆ. ಗೆರೆ ಅಷ್ಟಷ್ಟೇ ಆಚೀಚೆ ನಡುಗುತ್ತಾ ಹೋಗುತ್ತೆ. ಆಮೇಲೆ ನಮ್ಮ ಮುಳ್ಳು ಅದೇ ದಾರೀಲಿ ಹೋಗ್ತಾ ಅದೇ ನಡುಕ ನಡುಗುತ್ತೆ.

ಮಾವ: (ಮಸೂರ ಕೆಳಗಿಟ್ಟು) ಅಂದ್ರೆ ಚಾಟರ್.

ನಾನು: ಏನು?

ಮಾವ: ಚಾಟರ್ ಕಣೋ! ಟೂಲು ಸರಿಯಾಗಿ ಬಿಗಿದಿಲ್ಲ ಅಂದ್ರೆ, ಬೇರಿಂಗ್ ಸಡಿಲ ಆದ್ರೆ, ಟೂಲು ನಡುಗಿ ಜಾಬಿನ ಮೇಲೆ ಅಲೆ ಅಲೆ ಬೀಳ್ತೈತೆ. ಇನ್‌ಸ್ಪೆಕ್ಷನ್‌ನವರು ಉಗುರು ಆಡಿಸಿ ನೋಡಿ ಪಕ್ಕಕ್ಕೆ ಎಸೆಯೋರು. ಮೊದಲ ವರ್ಷ ನಾನು ಎಷ್ಟು ಬೈಸ್ಕೊಂಡೀನಿ ಗೊತ್ತಾ? ನಮ್ಮಲ್ಲಿ ರಿಜೆಕ್ಟ್ ಆಗೋ ಮಾಲು ನಿಮ್ಮಲ್ಲಿ ಹಾಡು! ಹಂಗಾದ್ರೆ ನನ್ನ ರಿಜೆಕ್ಟ್ ಜಾಬಿಗೆ ಮುಳ್ಳು ಇಟ್ಟಿದ್ರೆ ಶಾಪಿನ ಸದ್ದೆಲ್ಲ ಕೇಳಿಸ್ತಿತ್ತು ಅನ್ನು.

(ಇಪ್ಪತ್ತು ವರ್ಷದಿಂದ ರೆಕಾರ್ಡು ಕೂಡಿಹಾಕುತ್ತಿದ್ದೇನೆ. ಈ ಮಾತು ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. 1941ರಲ್ಲಿ ಶುರುವಾದ ಕಿರ್ಲೋಸ್ಕರ್ ಕಾರ್ಖಾನೆಯಿಂದ ಲೇತುಗಳು ದೇಶದ ಮೂಲೆಮೂಲೆಗೆ ಹೋದ ಊರು ಪಕ್ಕದಲ್ಲೇ ಇದ್ದರೂ, ಹಾಡು ಹುಟ್ಟುವುದು ಲೇತಿನಲ್ಲಿ ಎಂಬುದನ್ನು ನಾನು ಅಲ್ಲಿಯವರ ಬಾಯಿಂದ ಕೇಳಿರಲಿಲ್ಲ.)

ಮಾವ: ಒಂದನ್ನ ಕೊರೆದ್ರೆ ಒಂದೇ ಆಗ್ತೈತೆ. ಸಾವಿರ ಹೆಂಗೆ ಮಾಡ್ತಾರೆ?

ನಾನು: ಕೊರೆದ ತಟ್ಟೆಗೆ ಬೆಳ್ಳಿ ಲೇಪ ಕೊಟ್ಟು ಅದರ ಮೇಲೆ ನಿಕ್ಕಲ್ ಬೆಳೆಸ್ತಾರೆ. ಬಿಡಿಸಿದ್ರೆ ಗೆರೆ ಉಬ್ಬಿರೋ ಅಚ್ಚು, ಅದಕ್ಕೆ ಫಾದರ್ ಅಂತ ಹೆಸರು. ಅದರಿಂದ ಮದರ್. ಮದರಿಂದ ಮತ್ತೆ ಉಬ್ಬಚ್ಚು ತೆಗೆದು, ಎರಡು ಅಚ್ಚಿನ ನಡುವೆ ಬಿಸಿ ಪಿವಿಸಿ ಮುದ್ದೆ ಇಟ್ಟು ಒತ್ತುತ್ತಾರೆ. ನಮ್ಮ ದೇಶದಲ್ಲಿ ಬಹುಕಾಲ ಈ ಕೆಲಸ ನಡೆದಿದ್ದು ಕಲ್ಕತ್ತದ ದಂದಂನಲ್ಲಿ, ನಾಯಿ ಚಿತ್ರದ ಕಂಪನಿಯ ಕಾರ್ಖಾನೇಲಿ.

ಮಾವ: ಆಗಿನ ಕಪ್ಪು ತಟ್ಟೆ ಬಿದ್ರೆ ಒಡೀತಿತ್ತಲ್ಲ. ನಮ್ಮಪ್ಪ ನಾಟಕದ ಪ್ಲೇಟು ಒಡೆದಿದ್ದಕ್ಕೆ ನನಗೆ ಬಿದ್ದ ಏಟು ಇನ್ನೂ ನೆನಪೈತೆ.

ನಾನು: ಅದು ಪಿವಿಸಿ ಅಲ್ಲ ಮಾವ, ಅರಗು. ಮರದ ಕೊಂಬೆಗೆ ಹುಳ ಕಟ್ಟುತ್ತಲ್ಲ, ಅದೇ. ಕೌರವರು ಮನೆ ಕಟ್ಟಿಸಿದ್ದು, ಅಕ್ಕಸಾಲಿಗರು ಬಳೆಯೊಳಗೆ ತುಂಬೋದು, ಎಲ್ಲ ಒಂದೇ ಸರಕು. ಜಗತ್ತಿಗೆಲ್ಲ ಅರಗು ಹೋಗ್ತಿದ್ದಿದ್ದು ಹೆಚ್ಚಾಗಿ ನಮ್ಮ ದೇಶದಿಂದಲೇ. ಆ ತಟ್ಟೆ ನಿಮಿಷಕ್ಕೆ 78 ಸುತ್ತು. ಇದರಲ್ಲೊಂದು ತಮಾಷೆ ಇದೆ. ಬೇರೆ ದೇಶಗಳು 78ನ್ನ ಕೈಬಿಟ್ಟ ಮೇಲೂ ನಮ್ಮಲ್ಲಿ ಅರವತ್ತರ ದಶಕದಲ್ಲಿ ಒತ್ತುತ್ತಲೇ ಇದ್ರು. ಯಾಕೆ ಹೇಳಿ?

ಮಾವ: ಯಾಕಂದ್ರೆ ಊರಿಗೆ ಕರೆಂಟ್ ಎಲ್ಲಿತ್ತು? ಕೀ ಕೊಡೋ ಪೆಟ್ಟಿಗೆಗೆ ಅದೇ ಬೇಕಲ್ಲ.

ನಾನು: ಅದಕ್ಕೇ. ಹಾಗಾಗಿ ಇಂಗ್ಲೆಂಡಿನ ಬೀಟಲ್ಸ್ ಹಾಡು ಭಾರತದಲ್ಲಿ 78ರ ತಟ್ಟೇಲೂ ಬಂತು. ಗಿಟಾರು ಡ್ರಮ್ಮು ಎಲ್ಲ ಅರಗಿನಲ್ಲಿ! ಇವತ್ತು ಅದಕ್ಕೆ ಲಂಡನ್ನಿನೋರು ಹುಚ್ಚೆದ್ದು ಹುಡುಕ್ತಾರೆ. ನಾನೂ ಪ್ರತಿ ಗೋಣಿಚೀಲದಲ್ಲಿ ಅದನ್ನೇ ಹುಡುಕೋದು.

ಮಾವ: ಸಿಕ್ತಾ?

ನಾನು: ದಾವಣಗೆರೆ ಮೈಕ್‌ಸೆಟ್‌ನೋರು ಬೀಟಲ್ಸ್ ಯಾಕೆ ತರ್ತಾರೆ ಮಾವ? ಸಿಕ್ಕಿದ್ದು ಸತ್ಯನಾರಾಯಣ ಕಥೆ. ಮೂರು ಕಾಪಿ.

ಮಾವ: ಒಂದು ಇಲ್ಲೇ ಬಿಟ್ಟು ಹೋಗು, ನಿನ್ನತ್ತೆಗೆ. ಅದಿರ್ಲಿ, ನೀನು ರಾಕು ರಾಕು ಅಂತೀಯಲ್ಲ, ಕಲ್ಲಿಗೂ ಹಾಡಿಗೂ ಏನು ಸಂಬಂಧ?

ನಾನು: ಕಲ್ಲಲ್ಲ, ಅಲುಗಾಡಿಸೋದು, ತೂಗೋದು ಅಂತ. ಆದ್ರೂ ಉರುಳುವ ಕಲ್ಲುಗಳು ಅಂತಲೇ ಹೆಸರಿಟ್ಟುಕೊಂಡ ಬ್ಯಾಂಡು ಇದೆ. 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ರು. ಮಳೇಲಿ ನೆನ್ಕೊಂಡು ಕೇಳಿದೆ.

ಮಾವ: ಉರುಳುಸೇವೆ ಅನ್ನು.

ನಾನು: ಅಂಥೋರ ರೆಕಾರ್ಡು ಎಲ್ಲ ಕಡೆ ಸಿಗುತ್ತೆ. ನನಗೆ ಬೇಕಿರೋದು ಸಿಗದೇ ಇರೋದು. 1970ರಲ್ಲಿ, 71ರಲ್ಲಿ ‘ಸಿಮ್ಲಾ ಬೀಟ್’ ಅಂತ ಎರಡು ಎಲ್‌ಪಿ ಬಂದ್ವು. ಸಿಮ್ಲಾ ಅನ್ನೋದು ಸಿಗರೇಟಿನ ಹೆಸರು. ಇಂಪೀರಿಯಲ್ ಟೊಬ್ಯಾಕೊ ಕಂಪನಿಯೋರು ಕಾಲೇಜು ಹುಡುಗರ ಬ್ಯಾಂಡುಗಳಿಗೆ ಸ್ಪರ್ಧೆ ಇಟ್ಟು, ಚೆನ್ನಾಗಿ ನುಡಿಸಿದೋರ ಹಾಡುಗಳನ್ನ ರೆಕಾರ್ಡು ಮಾಡಿಸಿದ್ರು. ಮದ್ರಾಸಿನ ಕನ್‌ಫ್ಯೂಷನ್ಸ್, ಶಿಲ್ಲಾಂಗಿನ ಫೆಂಟೋನ್ಸ್, ಹೀಗೆ ದೇಶದ ಮೂಲೆಮೂಲೆಯವರು. ಇಂಗ್ಲಿಷಲ್ಲೇ ಹಾಡಿದ್ದು. ಆಮೇಲೆ ಆ ಹುಡುಗ್ರು ಬಹುಪಾಲು ಏನಾದ್ರು ಅಂತ ಜನಕ್ಕೆ ನೆನಪಿಲ್ಲ. ಬ್ಯಾಂಕು, ಟೀ ತೋಟ, ಅಪ್ಪನ ಅಂಗಡಿ, ಎಲ್ಲೋ ಸೇರಿರ್ತಾರೆ.

ಮಾವ: ಬೀಡಿ ಕಂಪನಿಯೋರು ಜಾತ್ರೇಲಿ ಹೆಣ್ಣುವೇಷ ಕುಣಿಸ್ತಿದ್ರಲ್ಲ, ಹಂಗೆ. ಆದ್ರೆ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬ್ಯಾಡ. ಯಾರೂ ಕೇಳದ ಹಾಡು ಅಂದ್ರೆ, ಕೇಳೋ ಹಂಗಿರ್ಲಿಲ್ಲ ಅಂತ ತಾನೆ ಅರ್ಥ?

ನಾನು: ಬೇಜಾರೇನು ಬಂತು, ನಿಜ. ಹತ್ತರಲ್ಲಿ ಏಳು ಕೆಟ್ಟದಾಗೇ ಇರ್ತವೆ. ಡ್ರಮ್ಮು ಒಂದು ಕಡೆ, ಹಾಡು ಒಂದು ಕಡೆ.

ಮಾವ: ಮತ್ತೆ?

ನಾನು: ಹೆಸರಾದ ಹಾಡು ಹೇಗಿರುತ್ತೆ ಗೊತ್ತಾ, ನೀವು ಫಿನಿಶಿಂಗ್ ಮುಗಿಸಿ ಬಣ್ಣ ಹೊಡೆದು ಪ್ಯಾಕಿಂಗಿಗೆ ಬಿಟ್ಟ ಲೇತಿನ ಹಾಗೆ. ಎಲ್ಲಿ ಬೆಸುಗೆ, ಎಲ್ಲಿ ಉಜ್ಜಿದ್ದು, ಒಂದೂ ಕಾಣಲ್ಲ. ಇವು ಫೌಂಡ್ರಿಯಿಂದ ಈಗಷ್ಟೇ ಬಂದ ಕ್ಯಾಸ್ಟಿಂಗು. ಮರಳು ಅಂಟಿರುತ್ತೆ, ರೈಸರ್ ಕೂಡ ಕತ್ತರಿಸಿರಲ್ಲ. ಮದ್ರಾಸಿನ ಹುಡುಗ ರೇಡಿಯೊದಲ್ಲಿ ಅಮೆರಿಕದ ಹಾಡು ಕೇಳಿ ಅದರ ಹಾಗೇ ಮಾಡೋಕೆ ಹೋಗಿ, ಎಲ್ಲೋ ಒಂದು ಕಡೆ ಕೈ ತಪ್ಪುತ್ತಲ್ಲ, ಆ ತಪ್ಪಿದ ಜಾಗ ಮಾತ್ರ ಅವನದ್ದು. ನಾನು ಕಾಯೋದು ಅದಕ್ಕೆ.

ಮಾವ: ಚಾಟರ್‌ಗೆ.

ನಾನು: ಈಗ ನೀವೇ ಹೇಳಿದಿರಲ್ಲ. ಮಿಕ್ಕ ಮೂರರಲ್ಲಿ ಕೆಲವು ಸಲ ಇಡೀ ಲೆಕ್ಕ ತಲೆಕೆಳಗಾಗುತ್ತೆ. ಚರಣ್‌ಜಿತ್ ಸಿಂಗ್ ಅಂತ ಬೊಂಬಾಯಿನ ಸಿನಿಮಾ ವಾದ್ಯಗಾರರು. 1982ರಲ್ಲಿ ಆಗ ತಾನೆ ಬಂದಿದ್ದ ಜಪಾನಿನ ರೋಲ್ಯಾಂಡ್ ಯಂತ್ರಗಳನ್ನ ಮುಂದಿಟ್ಕೊಂಡು, ಹತ್ತು ರಾಗಗಳನ್ನ ಡಿಸ್ಕೊ ತಾಳಕ್ಕೆ ಕೂರಿಸಿ ಒಂದು ಎಲ್‌ಪಿ ಮಾಡಿದ್ರು. ಇದು ರಾಕ್ ಅಲ್ಲ ಬಿಡಿ, ಆದ್ರೆ ಇದೇ ಅಂಗಡಿ ಮೂಲೆಯ ಮಾಲು. ಆಗ ಯಾರೂ ತಿರುಗಿ ನೋಡಲಿಲ್ಲ. 2002ರಲ್ಲಿ ಹಾಲೆಂಡಿನ ಎಡೊ ಬೌಮನ್ ಅನ್ನೋರಿಗೆ ದೆಹಲಿಯ ಅಂಗಡೀಲಿ ಸಿಕ್ತು. ಒಯ್ದು ಹಾಕಿ ಕೇಳಿದ್ರೆ, ಮುಂದೆ ಅಮೆರಿಕದ ಶಿಕಾಗೊದಲ್ಲಿ ಹುಡುಗ್ರು ಆ್ಯಸಿಡ್ ಹೌಸ್ ಅಂತ ಮಾಡಿದ ಸದ್ದು, ಯಮನ್ ಗಿಮನ್ ಅಂತ ರಾಗದ ಹೆಸರು ಹೊತ್ಕೊಂಡು ಮೊದಲೇ ಕೂತಿತ್ತು. 2010ರಲ್ಲಿ ಮತ್ತೆ ಒತ್ತಿಸಿದ್ರು. ಸಿಂಗ್ ಅವರು ಎಪ್ಪತ್ತು ದಾಟಿದ ಮೇಲೆ ಯುರೋಪಿನ ವೇದಿಕೆ ಹತ್ತಿ ನುಡಿಸಿ ಬಂದ್ರು. 2015ರಲ್ಲಿ ತೀರ್ಕೊಂಡ್ರು.

ಮಾವ: ಬದುಕಿದ್ದಾಗಲೇ ಗೊತ್ತಾಯ್ತಲ್ಲ, ಪುಣ್ಯವಂತ. ಆ ಹಾಲೆಂಡಿನೋನಿಗೆ ಅಂಗಡಿಯೋನು ಎಷ್ಟಕ್ಕೆ ಕೊಟ್ನೋ ಪಾಪ.

ನಾನು: ಇನ್ನೊಂದು ತೋರಿಸ್ತೀನಿ. ಕೊನೇ ಹಾಡು ಮುಗಿದ ಮೇಲೆ, ಲೇಬಲ್ಲಿಗೆ ಮುಂಚೆ ಈ ನುಣುಪು ಪಟ್ಟಿ ಇದೆಯಲ್ಲ, ಮಸೂರ ಇಟ್ಟು ನೋಡಿ. ನಂಬರು ಕಾಣುತ್ತಾ? ಯಾವ ಅಚ್ಚು, ಎಷ್ಟನೇ ಸಲ ಕೊರೆದಿದ್ದು, ಎಲ್ಲ ಅದರಿಂದ ಗೊತ್ತಾಗುತ್ತೆ. ಲಂಡನ್ನಿನಲ್ಲಿ ಜಾರ್ಜ್ ಪೆಕ್‌ಹ್ಯಾಮ್ ಅಂತ ಕೊರೆಯೋರೊಬ್ಬರು ತಮ್ಮ ಅಡ್ಡಹೆಸರು ‘ಪೋರ್ಕಿ’ಯನ್ನೇ ಅಲ್ಲಿ ಗೀಚಿಬಿಡ್ತಿದ್ರು. ಹಾಡಿದೋರ ಹೆಸರಿಗಿಂತ ಆ ಗೀಚು ನೋಡಿ ರೆಕಾರ್ಡು ಕೊಳ್ಳೋ ಜನ ಇದಾರೆ.

ಮಾವ: (ತುಸು ಹೊತ್ತು ಸುಮ್ಮನಿದ್ದು) ಜಾಬಿನ ಮೇಲೆ ಟರ್ನರ್ ಹೆಸರು! ನಮ್ಮ ಲೇತಿನ ಮೇಲೆ ಕಂಪನಿ ಪ್ಲೇಟು, ಮಾಡೆಲ್ಲು, ಸೀರಿಯಲ್ ನಂಬರು. ಒಳಗಿನ ಸ್ಪಿಂಡಲ್ ಕಡೆದೋನು ಯಾರು ಅಂತ ಆ ಸ್ಪಿಂಡಲ್ಲಿಗೂ ಗೊತ್ತಿರಲ್ಲ. ಬರೀಬೇಕು ಅಂತ ಅನ್ನಿಸ್ತಿತ್ತಾ ಅಂದ್ರೆ, ಇಲ್ಲಪ್ಪ, ಸುಳ್ಳು ಹೇಳಬಾರದು. ಶಿಫ್ಟು ಮುಗಿದ್ರೆ ಸಾಕು ಅನ್ನಿಸ್ತಿತ್ತು. ಈಗ ನೀನು ಹೇಳಿದ ಮೇಲೆ ಹೊಟ್ಟೆ ಉರೀತೈತೆ. ಚೀಲ ಸುರುವು, ಕನ್ನಡದ್ದೇನೈತೆ ನೋಡಾಣ.

(ಸುರುವಿದೆ. ಮೈಕ್‌ಸೆಟ್ಟಿನವರ ರೆಕಾರ್ಡು ನೋಡಿದವರಿಗೆ ಗೊತ್ತು: ಲೇಬಲ್ಲಿನ ಮೇಲೆ ಬಿಳಿ ಬಣ್ಣದ ನಂಬರು, ಪಕ್ಕದಲ್ಲಿ ಅಂಗಡಿಯ ಗುರುತು, ಕವರ್ ಹರಿದು ಹೋಗಿ ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಹೊಲಿದ ಚೀಲ. ಮದುವೆ ಮನೆಯ ಅರಿಶಿನದ ಬೆರಳಚ್ಚು. ಸಂಗ್ರಹಕಾರರ ಪಟ್ಟಿಯಲ್ಲಿ ಇಂಥವಕ್ಕೆ ಎಲ್ಲಕ್ಕಿಂತ ಕೆಳಗಿನ ದರ್ಜೆ. ನನಗೆ ಹೊಸದಾಗಿ ಮಿರುಗುವ ಕಾಪಿಗಿಂತ ಇವೇ ಇಷ್ಟ, ಕೇಳುವಾಗ ಒಲೆಯ ಮೇಲೆ ಒಗ್ಗರಣೆ ಸಿಡಿಯುವ ಸದ್ದಿದ್ದರೂ.)

ನಾನು: ಕನ್ನಡದಲ್ಲಿ ರಾಕ್ ಎಲ್‌ಪಿ ಅಂತ ಹುಡುಕಿದ್ರೆ ಸುಸ್ತಾಗ್ತೀವಿ ಮಾವ. ಆದ್ರೆ ಸಿನಿಮಾದೊಳಗೆ ಅವಿತುಕೊಂಡಿದೆ. ಕ್ಲಬ್ ಸೀನು, ಕಳ್ಳರ ಅಡ್ಡೆ, ಪತ್ತೇದಾರಿ ಬಂದ ಕೂಡಲೇ ಗಿಟಾರು, ಬೊಂಗೊ, ಕಹಳೆ ಶುರು. 1968ರ ‘ಜೇಡರ ಬಲೆ’ಯಿಂದಲೇ ಹಿಡಿಯಿರಿ. ಜಿ.ಕೆ. ವೆಂಕಟೇಶ್ ಅವರಿಗೆ ಅದು ನೀರು ಕುಡಿದ ಹಾಗೆ. ಇಳಯರಾಜ ಅವರು ಹೆಸರಾಗೋ ಮೊದಲು ಅವರ ಹತ್ತಿರವೇ ಸಹಾಯಕರಾಗಿದ್ದೋರು.

ಮಾವ: ಆ ಸಣ್ಣದು ಕೊಡು ಇಲ್ಲಿ. ನಲವತ್ತೇಳನೇ ನಂಬರು.

ನಾನು: ಇದು ಇಪಿ, 45 ಸುತ್ತಿನದ್ದು. ‘ಆಪರೇಷನ್ ಡೈಮಂಡ್ ರಾಕೆಟ್’, 1978. ರಾಜ್‌ಕುಮಾರ್ ಇಂಗ್ಲಿಷಲ್ಲಿ ಹಾಡಿದಾರಲ್ಲ, ಅದು.

ಮಾವ: ಗೊತ್ತಿಲ್ಲದೆ ಏನು! ನನ್ನ ಮದುವೇಲಿ ಇದನ್ನ ಎಷ್ಟು ಸಲ ಹಾಕಿಸಿದ್ದೆ ಅಂದ್ರೆ, ಬೀಗರ ಕಡೆಯೋರು ಗಂಡಿಗೆ ಏನೋ ತೊಂದರೆ ಐತೆ ಅಂತ ಮಾತಾಡ್ಕೊಂಡ್ರು. ಅಣ್ಣಾವ್ರು ಇಂಗ್ಲಿಷು ಮಾತಾಡಿದ್ರೆ ನಾವೇ ಮಾತಾಡಿದಂಗೆ. ಕಾರ್ಖಾನೇಲಿ ಲೇತಿನ ಸದ್ದಿಗೆ ಹೊಂದಿಸ್ಕೊಂಡು ಹಾಡ್ತಿದ್ದೆ. ಹಾಕು, ಹಾಕು.

(ಹಾಕಿದೆ. ಮಾವ ಹಾಡಿಗೆ ದನಿಗೂಡಿಸಿದರು. ನಡುವೆ ಒಂದು ಕಡೆ ಮುಳ್ಳು ಟಕ್ಕೆಂದು ಹಾರಿತು. ನನ್ನ ಕೈ ತಟ್ಟನೆ ಮುಂದೆ ಹೋಯಿತು. ಮಾವ ಮಾತ್ರ ಹಾಡು ನಿಲ್ಲಿಸಲಿಲ್ಲ. ಮುಳ್ಳು ಹಾರಿದ ಕಡೆ ಅವರೂ ಹಾರಿದ್ದರು, ಒಂದು ತುಣುಕು ಆಚೀಚೆ ಆಗದ ಹಾಗೆ.)

ನಾನು: ಮಾವ, ಹಾಡು ಅಲ್ಲಿ ಹಾಗಿಲ್ಲ.

ಮಾವ: ಹಂಗೇ ಐತೆ. ನಲವತ್ತು ವರ್ಷದಿಂದ ಹಾಡ್ತಾ ಇದೀನಿ, ನನಗೆ ಹೇಳ್ತೀಯಾ?

ನಾನು: ರೆಕಾರ್ಡು ಹಾರ್ತಾ ಇದೆ. ಅಂದ್ರೆ, ಇದೇ ಕಾಪಿ! ನಿಮ್ಮ ಮದುವೇಲಿ ಹಾಕಿದ್ದು ಇದೇ ನಲವತ್ತೇಳನೇ ನಂಬರು. ಸಿನಿಮಾ ನೋಡಿರ್ಲಿಲ್ವಾ ನೀವು?

ಮಾವ: ನೋಡಿದ್ದೆ, ಒಂದು ಸಲ. ಮೈಕಲ್ಲಿ ಕೇಳಿದ್ದು ನೂರು ಸಲ. ಇಂಗ್ಲಿಷು ಬೇರೆ, ಎಲ್ಲಿ ಏನು ಬಿಟ್ಟುಹೋಯ್ತು ಅಂತ ಹೆಂಗೆ ತಿಳೀಬೇಕು? ಮಸೂರ ಕೊಡು. ಹೂಂ, ಗೀರಲ್ಲ. ಬಣ್ಣ. ನಂಬರು ಬರೆದೋನ ಬ್ರಷ್ಷಿಂದ ತೊಟ್ಟು ಸಿಡಿದು ಗಟ್ಟಿಯಾಗೈತೆ. ಅರ್ಧ ಸಾಸಿವೆ ಕಾಳಷ್ಟೂ ಇಲ್ಲ. ಹೋಗಿ ಬೇಲಿಯಿಂದ ಒಂದು ಜಾಲಿಮುಳ್ಳು ಮುರ್ಕೊಂಡು ಬಾ.

ನಾನು: ಬೇಡ ಮಾವ, ಇರ್ಲಿ ಬಿಡಿ. ನಿಮ್ಮ ಮದುವೆ ನೆನಪು.

ಮಾವ: ನೆನಪು ತಲೇಲಿ ಐತೆ. ಜಾಬು ಸರಿ ಇರ್ಬೇಕು.

(ಎಂಟು-ಹತ್ತು ಥೌ ಅಳತೆಯ ಕೆಲಸ, ಎಪ್ಪತ್ತು ದಾಟಿದ ಕೈ. ಮಸೂರ ಕಣ್ಣಿಗೊತ್ತಿಕೊಂಡು, ಉಸಿರು ಹಿಡಿದು, ಮುಳ್ಳಿನ ಮೊನೆಯನ್ನು ಗೆರೆಯ ಜಾಡಿನಲ್ಲೇ ಮಲಗಿಸಿ ಒಂದೇ ಸಲ ಮೀಟಿದರು. ಬಿಳಿ ಹುಡಿ ಅವರ ಬೆರಳ ತುದಿಗೆ ಬಂತು. ಪಂಚೆಯ ಸೆರಗಿನಲ್ಲಿ ತಟ್ಟೆ ಒರೆಸಲು ಹೋದವರನ್ನು ನಾನು ತಡೆದೆ. ಮತ್ತೆ ಹಾಕಿದೆ. ಈ ಸಲ ಮುಳ್ಳು ಹಾರಲಿಲ್ಲ.)

ಮಾವ: ಇಷ್ಟೇನಾ ಬಿಟ್ಟು ಹೋಗಿದ್ದು?

ನಾನು: ಮೂರು ಸುತ್ತು ಹಾರ್ತಿತ್ತು ಅನ್ನಿಸುತ್ತೆ. ಸುತ್ತಿಗೆ ಒಂದೂ ಕಾಲು ಸೆಕೆಂಡಿಗಿಂತ ಚೂರು ಜಾಸ್ತಿ.

ಮಾವ: ನಾಲ್ಕು ಸೆಕೆಂಡು. ಸರಿ, ಇನ್ನೊಂದು ಸಲ ಇಡು, ಈಗ ಪೂರ್ತಿ ಹಾಡ್ತೀನಿ.

ಇಟ್ಟೆ. ಮಾವ ಮೊದಲಿಂದ ಹಾಡುತ್ತಾ ಬಂದರು. ಆ ಜಾಗ ಬಂತು. ನಾಲಿಗೆ ಹಳೆಯ ಅಭ್ಯಾಸದಲ್ಲಿ ಹಾರಿ ಮುಂದಿನ ಸಾಲಿಗೆ ಹೋಗಿ ಕೂತಿತು. ಕೈ ಗಾಳಿಯಲ್ಲಿ ಹಾಗೇ ಎತ್ತಿಕೊಂಡು, ಟ್ಯೂಬ್‌ಲೈಟಿನ ಕೆಳಗೆ, ರಾಜ್‌ಕುಮಾರ್ ಅಲ್ಲಿಗೆ ಬರುವವರೆಗೆ ನಾಲ್ಕು ಸೆಕೆಂಡು ಕಾದರು.